ತಾಮ್ರಶಾಸನಗಳ ಸಮೀಪ ಛಾಯಾಚಿತ್ರಣ: ಕ್ಯಾಮೆರಾದಲ್ಲಿ ಮಾಡಿಕೊಳ್ಳಬೇಕಾದ ಹೊಂದಾಣಿಕೆಗಳು

ಶಾಸನವನ್ನು ಸಂಪಾದಿಸುವವನಿಗೆ ಅದರ ಮೂಲವು ಸದಾ ಕೈಯಳವಿನಲ್ಲಿ ಇರುವುದಿಲ್ಲವೆಂಬುದು ಈ ಕ್ಷೇತ್ರದಲ್ಲಿ ದುಡಿದವರೆಲ್ಲರೂ ಬಲ್ಲ ಸಂಗತಿ. ಶಿಲಾಶಾಸನವು ಊರ ಮುಂದಣ ಬಯಲಿನಲ್ಲಿಯೋ ದೇವಾಲಯದ ಪ್ರಾಕಾರದಲ್ಲಿಯೋ ನಿಂತಿರುತ್ತದೆ. ಎರಡನೆಯ ಸಲ ಹೋದಾಗಲೂ ಅದು ಅಲ್ಲಿಯೇ ಇರುವ ಸಂಭವ ಹೆಚ್ಚು. ತಾಮ್ರಶಾಸನದ ಪಾಡು ಹಾಗಲ್ಲ. ಅದು ಯಾವುದೋ ಮನೆತನದ ಪೆಟ್ಟಿಗೆಯಲ್ಲಿ, ದೇವರ ಕೋಣೆಯಲ್ಲಿ, ಈಚೀಚೆಗೆ ಬ್ಯಾಂಕಿನ ಲಾಕರಿನಲ್ಲಿ ಇರುತ್ತದೆ. ಮನೆಯ ಹಿರಿಯರು ಕೃಪೆಯಿಟ್ಟು ಹೊರತೆಗೆದು ತೋರಿಸಿದ ಒಂದೆರಡು ಗಂಟೆಗಳಲ್ಲಿ ಅದನ್ನು ಅಳೆದು, ತೂಗಿ, ಚಿತ್ರ ತೆಗೆದುಕೊಂಡು, ಅರಿಶಿನ ಕುಂಕುಮದೊಡನೆ ಹಿಂದಿರುಗಿಸಬೇಕಾಗುತ್ತದೆ. ಪೂಜೆಗೊಳ್ಳುವ ಹಲಗೆಗಳಿಗೆ ಶಾಯಿ ಹಚ್ಚಿ ಅಚ್ಚು ತೆಗೆಯುವುದಕ್ಕೆ ಎಷ್ಟೋ ಮನೆಗಳಲ್ಲಿ ಒಪ್ಪುವುದಿಲ್ಲ. ಆದುದರಿಂದ ತರುವಾಯದ ಪಾಠನಿರ್ಣಯವೆಲ್ಲ ನಡೆಯುವುದು ಅಂದು ತೆಗೆದ ಛಾಯಾಚಿತ್ರದ ಆಧಾರದ ಮೇಲೆಯೇ. ಆ ಚಿತ್ರವು ಮಸುಕಾದರೆ ಪಾಠವೂ ಮಸುಕಾಗುತ್ತದೆ.

ಈ ಲೇಖಕನು ಛಾಯಾಗ್ರಹಣದಲ್ಲಿ ಪರಿಣತನಲ್ಲ, ಇತಿಹಾಸದ ಅಧ್ಯಾಪಕನು. ಈ ವಿಷಯವಾಗಿ ಬರೆಯಲು ಅವನಿಗಿರುವ ಅಧಿಕಾರವೆಂದರೆ ತಾನು ಮಾಡಿದ ಒಂದು ತಪ್ಪು. ಏಳು ವರ್ಷಗಳ ಹಿಂದೆ ಒಂದು ಮನೆಯ ಅಟ್ಟದ ಮೇಲೆ ಮೂರು ಹಲಗೆಗಳ ಒಂದು ದಾನಶಾಸನವನ್ನು ನೋಡುವ ಅವಕಾಶ ದೊರೆಯಿತು. ಸಮೀಪ ಚಿತ್ರಣಕ್ಕೆಂದೇ ಮಾಡಿದ 100 ಮಿ.ಮೀ. ಮಸೂರವೂ ಒಳ್ಳೆಯ ಕ್ಯಾಮೆರಾವೂ ಕೈಯಲ್ಲಿದ್ದವು. ಮಸೂರದ ಕಂಡಿಯನ್ನು ಕಿರಿದುಮಾಡಿದಷ್ಟೂ ಚಿತ್ರವು ಹರಿತವಾಗುತ್ತದೆಂದು ಎಲ್ಲಿಯೋ ಓದಿದ್ದ ಮಾತನ್ನು ನಂಬಿ, ಅದನ್ನು ಅತ್ಯಂತ ಕಿರಿದಾದ ಎಫ್ 32ರಲ್ಲಿ ಇಟ್ಟು, 42 ಚಿತ್ರಗಳನ್ನು ತೆಗೆದುಕೊಂಡದ್ದಾಯಿತು. ಕ್ಯಾಮೆರಾದ ಬೆನ್ನಿನ ಪುಟ್ಟ ತೆರೆಯ ಮೇಲೆ ಎಲ್ಲವೂ ಕಡೆದಿಟ್ಟಂತೆ ಕಂಡವು. ಮನೆಗೆ ಬಂದು ದೊಡ್ಡದುಮಾಡಿ ನೋಡಿದಾಗ, ದತ್ತಿ ಬಿಟ್ಟ ಊರಿನ ಹೆಸರಿನ ಮೊದಲನೆಯ ಅಕ್ಷರದ ಮುಂದೆ ಒಂದು ಬೊಟ್ಟು ಇದ್ದಿತು. ಅದು ಕಂಡರಿಸಿದವನು ಇಟ್ಟ ಸೊನ್ನೆಯೋ, ಕಿಲುಬು ತಿಂದು ಬಿದ್ದ ಕುಳಿಯೋ ಹೇಳಲಾಗಲಿಲ್ಲ. ಸೊನ್ನೆಯಿದ್ದರೆ ಒಂದು ಊರು, ಇಲ್ಲದಿದ್ದರೆ ಬೇರೆ ಊರು; ಎರಡೂ ಇಂದಿಗೂ ಇರುವ ಊರುಗಳೇ, ಒಂದಕ್ಕೊಂದು ಎರಡು ದಿನದ ನಡಿಗೆಯಷ್ಟು ದೂರದವು. ಮರುವರ್ಷ ಮತ್ತೆ ಹೋಗುವ ವೇಳೆಗೆ ಆ ಮನೆಯಲ್ಲಿ ಪಾಲುಪಾರಿಕತ್ತು ನಡೆದಿತ್ತು. ಹಲಗೆಗಳು ಯಾರ ಪಾಲಿಗೆ ಹೋದುವೆಂಬುದನ್ನು ತಿಳಿಸಲು ಯಾರೂ ಸಿದ್ಧರಿರಲಿಲ್ಲ. ಅವರನ್ನು ದೂರುವಂತಿಲ್ಲ. ಅವರು ತೋರಿಸಬೇಕಾದಾಗ ತೋರಿಸಿದ್ದರು.

ಚಿತ್ರವು ಏಕೆ ಕೆಟ್ಟಿತೆಂಬುದನ್ನು ತಿಳಿಯುವುದಕ್ಕಾಗಿ ಪಾತ್ರೆಯಂಗಡಿಯಲ್ಲಿ ತಂಬಿಗೆಗಳಿಗೆ ಹೆಸರು ಕೊರೆಯುವವರೊಬ್ಬರಿಂದ ಒಂದು ತಾಮ್ರದ ತಗಡಿನ ಮೇಲೆ ಪ, ಷ, ರ, ಠ, ದ, ಧ ಎಂಬ ಅಕ್ಷರಗಳನ್ನೂ ಹಲವು ಬೊಟ್ಟುಗಳನ್ನೂ ಕೊರೆಸಿಕೊಂಡು, ಕ್ಯಾಮೆರಾದ ಒಂದೊಂದು ಹೊಂದಾಣಿಕೆಯನ್ನು ಮಾತ್ರ ಬದಲಿಸುತ್ತ ಚಿತ್ರಗಳನ್ನು ತೆಗೆದು ಹೋಲಿಸಿ ನೋಡಲಾಯಿತು. ಆ ಅಕ್ಷರಗಳ ಆಯ್ಕೆಗೆ ಕಾರಣವನ್ನು ಓದುಗರು ಊಹಿಸಬಲ್ಲರು. ಪಕಾರಕ್ಕೂ ಷಕಾರಕ್ಕೂ ಒಳಗಿನ ಒಂದು ಗೀರಿನ ವ್ಯತ್ಯಾಸ. ರಕಾರ ಠಕಾರಗಳಿಗೆ ನಡುವಿನ ಒಂದು ಬೊಟ್ಟಿನದು. ದಕಾರ ಧಕಾರಗಳಿಗೆ ಅಡಿಯ ಒಂದು ಸೀಳಿನದು. ನಮ್ಮ ಲಿಪಿಯಲ್ಲಿ ಇಷ್ಟು ಕಿರಿಯ ಗುರುತುಗಳ ಮೇಲೆ ಇಷ್ಟು ಹಿರಿಯ ಅರ್ಥಭೇದಗಳು ನಿಂತಿವೆ.

ಮೊದಲು ಕಂಡಿಯ ವಿಚಾರ. ಅಪರ್ಚರ್ ಎಂದು ಕರೆಯುವ ಈ ಬೆಳಕಿನ ಕಂಡಿಯನ್ನು ಕಿರಿದುಮಾಡಿದರೆ ಸ್ಪಷ್ಟವಾಗಿ ಕಾಣುವ ಆಳವು ಹೆಚ್ಚುತ್ತದೆಂಬುದು ನಿಜ. ಆದರೆ ಬೆಳಕು ಕಿರಿದಾದ ಕಂಡಿಯಲ್ಲಿ ಹಾಯುವಾಗ ಅಂಚಿನಲ್ಲಿ ಬಾಗಿ ಹರಡುತ್ತದೆ. ಭೌತಶಾಸ್ತ್ರದವರು ಇದನ್ನು ವಿವರ್ತನೆ ಎನ್ನುತ್ತಾರೆ. ಇದರ ಫಲವಾಗಿ ವಸ್ತುವಿನ ಒಂದು ಬಿಂದುವು ಚಿತ್ರದಲ್ಲಿ ಬಿಂದುವಾಗಿ ಬೀಳದೆ ಒಂದು ಪುಟ್ಟ ಬಿಲ್ಲೆಯಾಗಿ ಬೀಳುತ್ತದೆ. ಎಫ್ ಸಂಖ್ಯೆ ಹೆಚ್ಚಿದಂತೆ ಬಿಲ್ಲೆಯೂ ದೊಡ್ಡದಾಗುತ್ತದೆ. ಸಮೀಪ ಚಿತ್ರಣದಲ್ಲಿ ಇನ್ನೊಂದು ತೊಡಕುಂಟು. ವಸ್ತುವನ್ನು ಸಮೀಪಿಸಿದಷ್ಟೂ ಮಸೂರವು ಸಂವೇದಕದಿಂದ ದೂರ ಸರಿದಂತಾಗುವುದರಿಂದ ಕಂಡಿಯು ಅಂಕೆಯಲ್ಲಿ ಕಾಣುವುದಕ್ಕಿಂತ ಕಿರಿದಾಗಿ ವರ್ತಿಸುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಎಫ್ ಸಂಖ್ಯೆಯನ್ನು ಒಂದಕ್ಕೆ ವರ್ಧನೆಯನ್ನು ಕೂಡಿಸಿ ಬಂದ ಮೊತ್ತದಿಂದ ಗುಣಿಸಿದರೆ ನಿಜವಾದ ಸಂಖ್ಯೆ ದೊರೆಯುತ್ತದೆ. ವಸ್ತುವು ಸಂವೇದಕದ ಮೇಲೆ ತನ್ನಷ್ಟೇ ಗಾತ್ರದಲ್ಲಿ ಮೂಡುವಾಗ ಎಫ್ 16 ಎಂಬುದು ಎಫ್ 32ರಂತೆ ಕೆಲಸಮಾಡುತ್ತದೆ. ನಿಕಾನ್ ಕ್ಯಾಮೆರಾಗಳು ತಮ್ಮ ಸಮೀಪ ಮಸೂರಗಳೊಡನೆ ಈ ನಿಜವಾದ ಸಂಖ್ಯೆಯನ್ನೇ ತೋರಿಸುತ್ತವೆ. ಕ್ಯಾನನ್ ಕ್ಯಾಮೆರಾಗಳು ಹೆಸರಿಗಿರುವ ಸಂಖ್ಯೆಯನ್ನು ತೋರಿಸುತ್ತವೆ. ಆದಕಾರಣ ಒಬ್ಬರ ಕ್ಯಾಮೆರಾದ ಅಂಕೆಯನ್ನು ಇನ್ನೊಬ್ಬರು ಹಾಗೆಯೇ ಎತ್ತಿಕೊಳ್ಳತಕ್ಕದ್ದಲ್ಲ.

ಲೆಕ್ಕವನ್ನು ನಮ್ಮ ಹಲಗೆಗೆ ಹಚ್ಚಿ ನೋಡಬಹುದು. ಇಪ್ಪತ್ತು ಸೆಂ.ಮೀ. ಅಗಲದ ಹಲಗೆಯು 36 ಮಿ.ಮೀ. ಅಗಲದ ಸಂವೇದಕವನ್ನು ತುಂಬಿದಾಗ ವರ್ಧನೆಯು 0.18. ಎಫ್ 32ರಲ್ಲಿ ವಿವರ್ತನೆಯ ಬಿಲ್ಲೆಯು ಸಂವೇದಕದ ಮೇಲೆ ಸುಮಾರು 50 ಮೈಕ್ರಾನ್, ಎಂದರೆ ಒಂದು ಮಿ.ಮೀ.ನ ಇಪ್ಪತ್ತನೆಯ ಒಂದಂಶ. ಇದನ್ನು ಹಲಗೆಯ ಅಳತೆಗೆ ತಿರುಗಿಸಿದರೆ 0.28 ಮಿ.ಮೀ. ಆಗುತ್ತದೆ. ಆ ಶಾಸನದಲ್ಲಿ ಗೀರಿನ ದಪ್ಪವೇ ಮಿ.ಮೀ.ನ ಮೂರನೆಯ ಒಂದಂಶದಷ್ಟಿದ್ದಿತು! ಬರೆದ ಗೆರೆಯಷ್ಟೇ ದಪ್ಪದ ಕುಂಚದಿಂದ ಚಿತ್ರದ ತುಂಬ ಮಸುಕು ಬಳಿದಂತಾಯಿತು. ಅದೇ ಹಲಗೆಯನ್ನು ಎಫ್ 8ರಲ್ಲಿ ತೆಗೆದಿದ್ದರೆ ಬಿಲ್ಲೆಯು ಹಲಗೆಯ ಮೇಲೆ 0.07 ಮಿ.ಮೀ.ಗೆ ಇಳಿಯುತ್ತಿತ್ತು. ತಾಮ್ರದ ತಗಡಿನ ಪ್ರಯೋಗದಲ್ಲಿಯೂ ಎಫ್ 5.6ರಿಂದ ಎಫ್ 11ರ ವರೆಗಿನ ಚಿತ್ರಗಳೇ ಉತ್ತಮವಾಗಿ ಬಂದುವು. ಎಫ್ 16ರಲ್ಲಿ ಠಕಾರದ ಬೊಟ್ಟು ಮೆತ್ತಗಾಯಿತು. ಎಫ್ 32ರಲ್ಲಿ ಬೊಟ್ಟಿನ ಅಂಚು ಎಲ್ಲಿಂದ ಆರಂಭವಾಗುತ್ತದೆಂದು ತೋರಿಸುವುದೇ ಅಸಾಧ್ಯವಾಯಿತು. ಸೊನ್ನೆಯೋ ಕುಳಿಯೋ ಎಂಬ ಪ್ರಶ್ನೆಗೆ ಉತ್ತರವಿರುವುದು ಆ ಅಂಚಿನಲ್ಲಿಯೇ: ಉಳಿ ತಾಗಿದ ಅಂಚು ನೇರವಾಗಿ ಕಡಿದಂತಿರುತ್ತದೆ, ಕಿಲುಬು ತಿಂದ ಅಂಚು ಹರಕಾಗಿರುತ್ತದೆ.

ಕಂಡಿಯನ್ನು ಇಷ್ಟು ಅಗಲವಾಗಿಟ್ಟರೆ ಆಳವು ಸಾಲದಾಗುವುದಿಲ್ಲವೇ ಎಂಬ ಶಂಕೆ ಸಹಜ. ರೂಢಿಯ ಅಳತೆಗೋಲಿನಿಂದ, ಎಂದರೆ ಸಂವೇದಕದ ಮೇಲೆ 0.03 ಮಿ.ಮೀ. ಮಸುಕನ್ನು ಮನ್ನಿಸಿ ಲೆಕ್ಕ ಹಾಕಿದರೆ, ಮೇಲ್ಕಂಡ ವರ್ಧನೆಯಲ್ಲಿ ಎಫ್ 8ಕ್ಕೆ ಹದಿನೇಳು ಮಿ.ಮೀ.ಗೂ ಮಿಕ್ಕ ಆಳ ದೊರೆಯುತ್ತದೆ. ನಾವು ದೊಡ್ಡದುಮಾಡಿ ಓದುವವರಾದ್ದರಿಂದ ಇನ್ನೂ ಕಠಿಣವಾದ ಅಳತೆಯನ್ನು ಹಿಡಿದರೂ ಏಳು ಮಿ.ಮೀ. ಉಳಿಯುತ್ತದೆ. ಅಂಚನ್ನು ಎತ್ತರಿಸಿದ, ತುಸು ಬಾಗಿದ ಹಲಗೆಗೂ ಇದು ಸಾಕು. ಸಾಲದಾಗುವುದು ಹಲಗೆಯು ಓರೆಯಾಗಿದ್ದಾಗ. ಇಪ್ಪತ್ತು ಸೆಂ.ಮೀ. ಹಲಗೆಯು ಕ್ಯಾಮೆರಾಕ್ಕೆ ಕೇವಲ ಐದು ಅಂಶ ಓರೆಯಾದರೆ ಅದರ ಎರಡು ತುದಿಗಳ ದೂರದಲ್ಲಿ ಹದಿನೇಳು ಮಿ.ಮೀ. ವ್ಯತ್ಯಾಸವುಂಟಾಗಿ, ಮೇಲೆ ಹೇಳಿದ ಆಳವೆಲ್ಲವೂ ಅದರಲ್ಲಿಯೇ ವ್ಯಯವಾಗುತ್ತದೆ. ಸಾಲಿನ ನಡುವಣ ಅಕ್ಷರಗಳು ಚೆನ್ನಾಗಿದ್ದು ತುದಿಯವು ಕರಗಿದ ಚಿತ್ರಗಳನ್ನು ನಾವೆಲ್ಲರೂ ನೋಡಿದ್ದೇವೆ. ಕಂಡಿಯನ್ನು ಕಿರಿದುಮಾಡಿ ಈ ತಪ್ಪನ್ನು ಮುಚ್ಚುವ ಬದಲು ಹಲಗೆಯನ್ನು ನೇರಮಾಡುವುದು ಲೇಸು. ಅದಕ್ಕೆ ಸುಲಭೋಪಾಯವೊಂದುಂಟು: ಹಲಗೆಯ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಒಂದು ಚಪ್ಪಟೆ ಕನ್ನಡಿಯನ್ನಿಟ್ಟು ಕ್ಯಾಮೆರಾದಲ್ಲಿ ನೋಡುವುದು. ಮಸೂರದ ಪ್ರತಿಬಿಂಬವು ಚೌಕಟ್ಟಿನ ನಟ್ಟನಡುವೆ ಕಂಡರೆ ಎರಡೂ ಸಮಾಂತರವಾಗಿವೆಯೆಂದು ತಿಳಿಯಬಹುದು. ಕ್ಯಾಮೆರಾದೊಳಗಿನ ಸಮತಲ ಸೂಚಕವನ್ನು ನೆಚ್ಚುವವರು ಹಲಗೆಯಿರುವ ಮಣೆಯೂ ಸಮತಲವಾಗಿದೆಯೆಂದು ಮೊದಲು ಖಾತರಿಮಾಡಿಕೊಳ್ಳಬೇಕು.

ಇನ್ನು ಫೋಕಸ್. ಸ್ವಯಂಚಾಲಿತ ಫೋಕಸ್ ಇಲ್ಲಿ ನೆಚ್ಚಿಗೆಗೆ ಅರ್ಹವಲ್ಲ. ಅದು ತಿಕ್ಕಿ ಬೆಳಗಿದ ತಾಮ್ರದ ಮೇಲೆ ಹಿಡಿತ ಸಿಕ್ಕದೆ ಹಿಂದಕ್ಕೂ ಮುಂದಕ್ಕೂ ಅಲೆದಾಡಿ, ಕೊನೆಗೆ ಹಲಗೆಯ ಎತ್ತರಿಸಿದ ಅಂಚನ್ನೋ ಬಳೆ ಪೋಣಿಸುವ ತೂತನ್ನೋ ಹಿಡಿದು ತೃಪ್ತಿಪಡುತ್ತದೆ. ಕೈಯಿಂದ ಫೋಕಸ್ ಮಾಡುವ ಸ್ಥಿತಿಗೆ ತಿರುಗಿಸಿ, ಬೆನ್ನಿನ ತೆರೆಯಲ್ಲಿ ನೇರನೋಟವನ್ನು ಹಾಕಿ, ಅದನ್ನು ಐದು ಅಥವಾ ಹತ್ತು ಪಟ್ಟು ಹಿಗ್ಗಿಸಿಕೊಂಡು, ಒಂದು ಗೀರಿನ ಅಂಚು ಹರಿತವಾಗುವ ವರೆಗೆ ಉಂಗುರವನ್ನು ತಿರುಗಿಸತಕ್ಕದ್ದು. ನಡುವೆ ಒಂದು ಅಕ್ಷರವನ್ನು ನೋಡಿ ಬಿಡದೆ, ನಾಲ್ಕು ಮೂಲೆಗಳ ಅಕ್ಷರಗಳನ್ನೂ ಹಿಗ್ಗಿಸಿ ನೋಡಬೇಕು. ಹರಿತವಾದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಸೌಕರ್ಯವು ಹೊಸ ಕ್ಯಾಮೆರಾಗಳಲ್ಲಿದೆ. ಅದು ಉದಾರ ಸ್ವಭಾವದ ಪರೀಕ್ಷಕನಂತೆ, ಉತ್ತೀರ್ಣವಾಗದ್ದನ್ನೂ ಉತ್ತೀರ್ಣವೆನ್ನುತ್ತದೆ.

ಅಲುಗಾಟದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಟ್ರೈಪಾಡ್ ಇರಲೇಬೇಕು. ಕನ್ನಡಿಯುಳ್ಳ ಕ್ಯಾಮೆರಾಗಳಲ್ಲಿ ಕನ್ನಡಿಯು ಮೇಲಕ್ಕೆ ಹೊಡೆಯುವ ಅದಿರಾಟವು ಸೆಕೆಂಡಿನ ನಾಲ್ಕನೆಯ ಒಂದಂಶದಿಂದ ಮೂವತ್ತನೆಯ ಒಂದಂಶದ ವರೆಗಿನ ವೇಗಗಳಲ್ಲಿ ಚಿತ್ರವನ್ನು ಹೆಚ್ಚಾಗಿ ಕೆಡಿಸುವುದರಿಂದ, ಕನ್ನಡಿಯನ್ನು ಮೊದಲೇ ಎತ್ತಿಡುವ ಸ್ಥಿತಿಯನ್ನೋ ನೇರನೋಟವನ್ನೋ ಬಳಸಿ, ಗುಂಡಿಯನ್ನೊತ್ತಿದ ತರುವಾಯ ಎರಡು ಸೆಕೆಂಡು ತಡೆದು ತೆಗೆಯುವಂತೆ ಹೊಂದಿಸಬೇಕು. ಅಟ್ಟದ ಮೇಲೆ, ಹಲಗೆಯ ನೆಲದ ಮೇಲೆ, ಎರಡು ಸೆಕೆಂಡು ಸಾಲದು. ಹತ್ತು ಸೆಕೆಂಡು ತಡೆಯಿಟ್ಟು, ಸುತ್ತ ನಿಂತಿರುವ ಮಕ್ಕಳಿಗೆ ಉಸಿರು ಬಿಗಿಹಿಡಿಯುವ ಆಟವೆಂದು ಹೇಳಿದರೆ ಅವರೂ ಸಹಕರಿಸುತ್ತಾರೆ. ಟ್ರೈಪಾಡ್ ಮೇಲಿರುವಾಗ ಮಸೂರದ ಕಂಪನನಿರೋಧವನ್ನು, ವಿಶೇಷವಾಗಿ ಹಳೆಯ ಮಸೂರಗಳಲ್ಲಿ, ಆರಿಸಿಡುವುದು ಕ್ಷೇಮ. ಇಲ್ಲದ ಕಂಪನವನ್ನು ಹುಡುಕುತ್ತ ಅದೇ ಕಂಪಿಸುವುದುಂಟು.

ಟ್ರೈಪಾಡ್‌ಗೆ ಎಡೆಯಿಲ್ಲದ ಸ್ಥಳಗಳುಂಟು. ಅಲ್ಲಿ 100 ಮಿ.ಮೀ. ಮಸೂರಕ್ಕೆ ಸೆಕೆಂಡಿನ ನೂರನೆಯ ಒಂದಂಶ ಸಾಕೆಂಬ ರೂಢಿಯ ಸೂತ್ರವು ಸಮೀಪದಲ್ಲಿ ಸಲ್ಲದು. ಇನ್ನೂರೈವತ್ತನೆಯ ಒಂದಂಶಕ್ಕಾದರೂ ಏರಿಸಬೇಕು, ಅದಕ್ಕೆ ಬೇಕಾದಷ್ಟು ಐ.ಎಸ್.ಒ. ಸಂಖ್ಯೆಯನ್ನು ಹೆಚ್ಚಿಸಲು ಹಿಂಜರಿಯಬಾರದು. ಐ.ಎಸ್.ಒ. ಹೆಚ್ಚಿದಾಗ ಚಿತ್ರದಲ್ಲಿ ಮರಳಿನಂಥ ಕಣಗಳು ಕಾಣುವುವು. ಕಣಗಳ ನಡುವೆ ಅಕ್ಷರವನ್ನು ಓದಬಹುದು. ಕದಲಿದ ಅಕ್ಷರವನ್ನು ಯಾರೂ ಓದಲಾರರು. ಟ್ರೈಪಾಡ್ ಇದ್ದಲ್ಲಿ ಮಾತ್ರ ಐ.ಎಸ್.ಒ.ವನ್ನು 100ಕ್ಕೆ ಇಳಿಸಿಡಬಹುದು. ವಿದ್ಯುದ್ದೀಪದಡಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಬಳಸುವವರು ಎಚ್ಚರಿಕೆಯಿಂದಿರಬೇಕು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದುದರಿಂದ ಟ್ಯೂಬ್‌ಲೈಟುಗಳೂ ಅಗ್ಗದ ಎಲ್.ಇ.ಡಿ.ಗಳೂ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ವೇಗದ ಷಟರಿನಲ್ಲಿ ಚಿತ್ರದ ಮೇಲೆ ಅಡ್ಡಪಟ್ಟೆಗಳು ಬಿದ್ದು ಸಾಲುಗಳನ್ನೇ ನುಂಗುತ್ತವೆ.

ಈಗ ಈ ಲೇಖಕನಿಗೆ ಎಲ್ಲಕ್ಕಿಂತ ಗಂಭೀರವೆಂದು ತೋರುವ ವಿಷಯಕ್ಕೆ ಬರಬಹುದು. ಪ್ರತಿಯೊಂದು ಕ್ಯಾಮೆರಾದ ಪಟ್ಟಿಯಲ್ಲಿಯೂ ಷಾರ್ಪ್‌ನೆಸ್ ಎಂಬ ಹೆಸರಿನದೇ ಒಂದು ಹೊಂದಾಣಿಕೆಯಿದೆ. ಹರಿತವಾದ ಚಿತ್ರ ಬೇಕಾದವನು ಮೊದಲು ಕೈಯಿಡುವುದು ಅದರ ಮೇಲೆಯೇ. ಅದು ಮಸೂರವು ಕಾಣದ ಯಾವುದನ್ನೂ ಕಾಣಿಸಲಾರದು. ಬೆಳಕು ಕತ್ತಲೆಗಳು ಸಂಧಿಸುವೆಡೆಯಲ್ಲಿ ಬೆಳಕಿನ ಬದಿಯನ್ನು ಇನ್ನಷ್ಟು ಬಿಳಿದಾಗಿಸಿ, ಕತ್ತಲೆಯ ಬದಿಯನ್ನು ಇನ್ನಷ್ಟು ಕಪ್ಪಾಗಿಸಿ, ಅಂಚನ್ನು ಎತ್ತಿ ತೋರಿಸುವುದು ಅದರ ಕೆಲಸ. ಅತಿಯಾದಾಗ ಪ್ರತಿ ಗೀರಿನ ಪಕ್ಕದಲ್ಲಿ ಒಂದು ಬೆಳ್ಳನೆಯ ನೆರಳು ಮೂಡುತ್ತದೆ; ಒಂದೇ ಗೀರು ಜೋಡಿಗೀರಾಗಿ ಕಾಣಬಹುದು, ಕಿಲುಬಿನ ಹರಕು ಅಂಚು ಉಳಿಯ ಕಡಿತದಂತೆ ಗಡುಸಾಗಬಹುದು. ಇದಕ್ಕೆ ಹಿಂದಿನ ಒಂದು ನಿದರ್ಶನವಿದೆ. ಕನ್ನಡನಾಡಿನ ಪ್ರಾಚೀನ ಅವಶೇಷಗಳನ್ನು ಛಾಯಾಚಿತ್ರಿಸುವ ಕಾರ್ಯ ಬಹು ಹಿಂದೆಯೇ ಆರಂಭವಾಯಿತು. ಡಾಕ್ಟರ್ ಪಿಗೂ ಮೊದಲಾದವರು ತೆಗೆದ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹಗಳೊಡನೆ ‘ಆರ್ಕಿಟೆಕ್ಚರ್ ಇನ್ ಧಾರ್ವಾರ್ ಅಂಡ್ ಮೈಸೋರ್’ ಎಂಬ ಗ್ರಂಥವಾಗಿ 1866ರಲ್ಲಿಯೇ ಹೊರಬಂದುವು. ಮುಂದೆ ಶಾಸನಗಳ ಚಿತ್ರ ತೆಗೆಯುವಾಗ ಅಕ್ಷರಗಳು ಎದ್ದು ಕಾಣಲೆಂದು ಗೀರುಗಳಿಗೆ ಸೀಮೆಸುಣ್ಣವನ್ನು ತುಂಬುವ ಪರಿಪಾಠವೊಂದು ಬೆಳೆಯಿತು. ಚಿತ್ರವು ಚೆಲುವಾಗಿ ಬರುತ್ತಿತ್ತು. ಆದರೆ ಅದರಲ್ಲಿ ಕಾಣುತ್ತಿದ್ದುದು ಕಂಡರಿಸಿದವನ ಅಕ್ಷರವಲ್ಲ, ಸುಣ್ಣ ತುಂಬಿದವನ ಓದು. ಕ್ಯಾಮೆರಾದ ಹರಿತಗೊಳಿಸುವ ಹೊಂದಾಣಿಕೆಯು ಯಂತ್ರವು ತುಂಬುವ ಸುಣ್ಣ. ಆದುದರಿಂದ ಸಂಗ್ರಹಕ್ಕೆ ಉಳಿಸುವ ಚಿತ್ರವನ್ನು ರಾ ರೂಪದಲ್ಲಿ, ಎಂದರೆ ಸಂವೇದಕವು ಕಂಡದ್ದನ್ನು ಕಂಡಂತೆ ದಾಖಲಿಸುವ ರೂಪದಲ್ಲಿ ತೆಗೆಯತಕ್ಕದ್ದು. ಹರಿತವನ್ನೂ ಕಣನಿವಾರಣೆಯನ್ನೂ ಮನೆಯಲ್ಲಿ, ಬೇರೊಂದು ಪ್ರತಿಯ ಮೇಲೆ, ಎಷ್ಟು ಮಾಡಿದೆವೆಂದು ಬರೆದಿಟ್ಟುಕೊಂಡು ಮಾಡಬಹುದು. ಕಣನಿವಾರಣೆಯು ಕಣಗಳೊಡನೆ ನಸುಗೀರುಗಳನ್ನೂ ಒರೆಸಿಬಿಡುವುದರಿಂದ ಅದರ ಅಪಾಯವೂ ಕಡಿಮೆಯದಲ್ಲ.

ರಾ ರೂಪದಲ್ಲಿ ತೆಗೆಯುವಾಗ ಒಂದು ಅನುಕೂಲವೂ ಉಂಟು. ಚಿತ್ರಶೈಲಿಯನ್ನು ಕಪ್ಪುಬಿಳುಪಿಗೆ ತಿರುಗಿಸಿ ಹರಿತವನ್ನು ಏರಿಸಿದರೆ ತೆರೆಯ ಮೇಲಿನ ನೋಟ ಮಾತ್ರ ಬದಲಾಗುತ್ತದೆ. ಮೂಲಚಿತ್ರವು ಹಾಗೆಯೇ ಉಳಿಯುತ್ತದೆ. ತಾಮ್ರದ ಕೆಂಪು ಹೊಳಪು ಕಣ್ಣಿಗೆ ತೊಡಕಾಗದೆ ಫೋಕಸ್ ಮಾಡಲು ಇದು ನೆರವಾಗುತ್ತದೆ. ಹೊಳಪಿನ ಸ್ಥಳಗಳು ಸುಟ್ಟು ಬಿಳಿಯಾಗದಂತೆ ಬೆಳಕನ್ನು ಅರ್ಧ ಅಥವಾ ಮುಕ್ಕಾಲು ಹಂತ ತಗ್ಗಿಸುವುದೂ ಅವಶ್ಯ; ಪೂರಾ ಬಿಳಿಯಾದೆಡೆ ಗೀರು ಇದ್ದಿತೆಂಬುದಕ್ಕೆ ಯಾವ ಕುರುಹೂ ಉಳಿಯದು. ದೀಪವನ್ನು ಓರೆಯಾಗಿ, ಹಲಗೆಯ ಮಟ್ಟಕ್ಕೆ ಸಮೀಪವಾಗಿ ಹಿಡಿಯಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಬೆಳಕಿನ ದಿಕ್ಕಿನಲ್ಲಿಯೇ ಸಾಗುವ ಗೀರು ನೆರಳಿಲ್ಲದೆ ಮರೆಯಾಗುವುದರಿಂದ, ಎಡದಿಂದ ಒಂದು, ಮೇಲಿನಿಂದ ಒಂದು ಎಂದು ಕನಿಷ್ಠ ಎರಡು ಚಿತ್ರಗಳನ್ನು ತೆಗೆಯಬೇಕು. ಷಕಾರದ ಒಳಗೀರು ಒಂದರಲ್ಲಿ ಕಾಣದಿದ್ದರೆ ಇನ್ನೊಂದರಲ್ಲಿ ಕಾಣುತ್ತದೆ.

ಮುದ್ರೆಗಳ ಮತ್ತು ನಾಣ್ಯಗಳ ಸಮಸ್ಯೆ ತುಸು ಬೇರೆ. ಗಂಗರ ಶಾಸನಗಳ ಬಳೆಯ ಮುದ್ರೆಯಲ್ಲಿ ಆನೆಯೂ ಚಾಲುಕ್ಯರದರಲ್ಲಿ ವರಾಹವೂ ಉಬ್ಬಾಗಿ ನಿಂತಿರುತ್ತವೆ. ಇಂಥ ಮುದ್ರೆಯನ್ನು ಅರ್ಧ ಗಾತ್ರದ ವರ್ಧನೆಯಲ್ಲಿ ಎಫ್ 8ರಲ್ಲಿ ತೆಗೆದರೆ, ಕಠಿಣವಾದ ಅಳತೆಯಲ್ಲಿ ಸ್ಪಷ್ಟವಾಗಿರುವ ಆಳ ಒಂದು ಮಿ.ಮೀ.ಗಿಂತ ಸ್ವಲ್ಪವೇ ಹೆಚ್ಚು. ಮುದ್ರೆಯ ಎತ್ತರವೆಲ್ಲವೂ ಅದರಲ್ಲಿ ಅಡಕವಾಗದು. ಹೊಸ ಕ್ಯಾಮೆರಾಗಳು ಫೋಕಸನ್ನು ತಾವೇ ಹಂತಹಂತವಾಗಿ ಸರಿಸುತ್ತ ಹಲವು ಚಿತ್ರಗಳನ್ನು ತೆಗೆಯುತ್ತವೆ, ಒಂದು ಸೆಂ.ಮೀ. ಎತ್ತರಕ್ಕೆ ಹತ್ತು ಹನ್ನೆರಡು ಚಿತ್ರಗಳು ಸಾಕು. ಇವುಗಳ ಹರಿತ ಭಾಗಗಳನ್ನು ಆಯ್ದು ಗಣಕಯಂತ್ರವು ಒಂದೇ ಚಿತ್ರವಾಗಿ ಹೊಂದಿಸಿಕೊಡುತ್ತದೆ. ವಿಜಯನಗರದ ಅರ್ಧ ವರಾಹವು 1.7 ಗ್ರಾಂ ತೂಕದ, ಬೆರಳುಗುರಿನಷ್ಟು ಗಾತ್ರದ ನಾಣ್ಯ. ಅದನ್ನು ಪೂರ್ಣ ಗಾತ್ರದಲ್ಲಿ ತೆಗೆಯುವಾಗ ರೂಢಿಯ ಅಳತೆಯಲ್ಲಿಯೇ ಎಫ್ 8ಕ್ಕೆ ಆಳವು ಒಂದು ಮಿ.ಮೀ.ಗೆ ಇಳಿಯುವುದರಿಂದ ಅಲ್ಲಿಯೂ ಇದೇ ಕ್ರಮ ಯುಕ್ತ. ಆದರೆ ಹೀಗೆ ಹೊಂದಿಸಿದ ಚಿತ್ರವು ಯಾವ ಒಂದು ಕ್ಷಣದಲ್ಲಿಯೂ ಯಾವ ಕಣ್ಣೂ ಕಂಡದ್ದಲ್ಲ. ಪ್ರಕಟಿಸುವಾಗ ಅದನ್ನು ಜೋಡಣೆಯ ಚಿತ್ರವೆಂದು ಸ್ಪಷ್ಟವಾಗಿ ನಮೂದಿಸಿ, ಬಿಡಿಚಿತ್ರಗಳನ್ನೂ ಉಳಿಸಿಡಬೇಕೆಂದು ಈ ಲೇಖಕನ ಅಭಿಪ್ರಾಯ.

ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿಯ ಬಳಿ ಇರುವುದು ಮೊಬೈಲ್ ಫೋನು ಮಾತ್ರ. ಅದನ್ನು ತಿರಸ್ಕರಿಸಬೇಕಾಗಿಲ್ಲ. ಆದರೆ ಬಹು ಸಮೀಪಕ್ಕೆ ಹೋದೊಡನೆ ಎಷ್ಟೋ ಫೋನುಗಳು ಹೇಳದೆ ಕೇಳದೆ ಮುಖ್ಯ ಮಸೂರವನ್ನು ಬಿಟ್ಟು ಅಗಲನೋಟದ ಮಸೂರಕ್ಕೆ ಜಿಗಿಯುತ್ತವೆ. ಅಂಚಿನ ಅಕ್ಷರಗಳು ಎಳೆದಂತಾಗಿ ಮಸುಕಾಗುತ್ತವೆ. ಒಂದು ಗೇಣು ಹಿಂದಕ್ಕೆ ಸರಿದು ಎರಡು ಪಟ್ಟಿನ ನೋಟದಲ್ಲಿ ತೆಗೆದರೆ ಈ ದೋಷ ತಪ್ಪುತ್ತದೆ. ತೆರೆಯನ್ನು ಬೆರಳಿನಿಂದ ಒತ್ತಿಹಿಡಿದು ಫೋಕಸನ್ನು ಬಂಧಿಸುವುದು, ಸಾಧ್ಯವಿದ್ದಲ್ಲಿ ರಾ ರೂಪವನ್ನು ಆರಿಸುವುದು ಇವೂ ಅಗತ್ಯ. ಸೀಮೆಸುಣ್ಣ ತುಂಬುವ ಉತ್ಸಾಹವು ಕ್ಯಾಮೆರಾಕ್ಕಿಂತ ಫೋನಿಗೆ ಹೆಚ್ಚು.

ಈಚೆಗೆ ಈ ಲೇಖಕನು ಹಲಗೆಗಳನ್ನು ಹಿಂದಿರುಗಿಸುವ ಮುನ್ನ ಪ್ರತಿ ಮುಖದ ಚಿತ್ರವನ್ನೂ ತೆರೆಯ ಮೇಲೆ ಪೂರ್ಣವಾಗಿ ಹಿಗ್ಗಿಸಿ, ಮೊದಲ ಸಾಲಿನ ಮೊದಲ ಅಕ್ಷರದಿಂದ ಕಡೆಯ ಸಾಲಿನ ಕಡೆಯ ಅಕ್ಷರದ ವರೆಗೆ ಒಮ್ಮೆ ಸರಿಸಿ ನೋಡುವುದನ್ನು ನಿಯಮವಾಗಿ ಇಟ್ಟುಕೊಂಡಿದ್ದಾನೆ. ಅದಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಮನೆಯವರು ಕಾಫಿ ತರುವ ಹೊತ್ತಿಗೆ ಮುಗಿಯುತ್ತದೆ. ಮೂರು ವರ್ಷಗಳ ಹಿಂದೆ ಬೇರೊಂದು ಮನೆಯಲ್ಲಿ, ಬೇರೊಂದು ಶಾಸನದ ಗಡಿವಿವರಣೆಯಲ್ಲಿ, ಇಂಥದೇ ಒಂದು ಬೊಟ್ಟು ಕಂಡಿತು. ಎಫ್ 8ರಲ್ಲಿ, ಎರಡು ದಿಕ್ಕಿನ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಅದರ ಅಂಚು ಹರಕಾಗಿ, ತಳವು ಹಸಿರಾಗಿ ಕಂಡುದರಿಂದ ಕಿಲುಬಿನ ಕುಳಿಯೆಂದು ನಿಶ್ಚಯವಾಯಿತು. ಮೊದಲನೆಯ ಶಾಸನದ ಪಾಠದಲ್ಲಿ ಆ ಊರಿನ ಹೆಸರಿನ ಸೊನ್ನೆಯು ಇಂದಿಗೂ ಚೌಕ ಕಂಸದೊಳಗೆ ಇದೆ.